91ನೇ ನಂಬರ್ ಬಸ್ಸಿನಲ್ಲಿ ಕುಂಗ್‌ಫು ತವರಿಗೆ

ಹಾಂಗ್‌ಕಾಂಗ್‌ನ ಡೈಮಂಡ್ ಹಿಲ್ ಮೆಟ್ರೊ ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗರು ಸಾಮಾನ್ಯವಾಗಿ ಪಕ್ಕದ ಚಿ ಲಿನ್ ಬೌದ್ಧ ಮಠ ನೋಡಲು ಹೋಗುತ್ತಾರೆ. ನಾನು ಹ್ಯಾಮರ್ ಹಿಲ್ ರಸ್ತೆ ಹಿಡಿದೆ. ಹಾಂಗ್‌ಕಾಂಗ್‌ನ ದೊಡ್ಡ ಸಿನಿಮಾ ಕಂಪನಿ ಶಾ ಬ್ರದರ್ಸ್ ಬಿಟ್ಟು ಹೊರಬಂದ ರೇಮಂಡ್ ಚೌ 1970ರಲ್ಲಿ ಕಟ್ಟಿದ ಗೋಲ್ಡನ್ ಹಾರ್ವೆಸ್ಟ್ ಕಂಪನಿಯ ಸ್ಟುಡಿಯೊ ಇದ್ದದ್ದು ಅಲ್ಲಿ. ಬ್ರೂಸ್ ಲೀಯನ್ನು ಜಗತ್ತಿಗೆ ಕೊಟ್ಟ ಕಂಪನಿ. ಈಗ ಅಲ್ಲಿ ತಲೆಯೆತ್ತಿ ನೋಡಿದರೆ ಕುತ್ತಿಗೆ ನೋಯುವಂಥ ವಸತಿ ಕಟ್ಟಡಗಳು. ಸ್ವಲ್ಪ ಹೊತ್ತು ನಿಂತು, ವಾಪಸ್ ಬಂದು 91ನೇ ನಂಬರ್ ಬಸ್ ಹತ್ತಿದೆ.

ಬಸ್ಸು ಗುಡ್ಡ ಏರಿ ಕ್ಲಿಯರ್ ವಾಟರ್ ಬೇ ಕಡೆ ಸಾಗುತ್ತದೆ. ಶಾ ಬ್ರದರ್ಸ್‌ನ ಸ್ಟುಡಿಯೊ ಮೂವಿಟೌನ್ ಇರುವುದು ಈ ದಾರಿಯಲ್ಲೇ. ಇಬ್ಬರು ಬದ್ಧ ಎದುರಾಳಿಗಳ ಅಂಗಳಗಳು ಒಂದೇ ಬಸ್ಸಿನ ದಾರಿಯಲ್ಲಿದ್ದವು ಎಂಬುದು ನನಗೆ ಬಹಳ ಹಿಡಿಸಿತು. ಒಂದು ಕಾಲಕ್ಕೆ ನಟರೂ ಕೆಲಸಗಾರರೂ ಒಳಗಿನ ವಸತಿಗೃಹಗಳಲ್ಲೇ ಇದ್ದು ಹಗಲು ರಾತ್ರಿ ಚಿತ್ರೀಕರಣಕ್ಕೆ ದುಡಿದ ಜಾಗ. ಈಗ ಗೇಟು ಮುಚ್ಚಿದೆ, ಒಳಗೆ ಬಿಡುವುದಿಲ್ಲ. ಹೊರಗಿನಿಂದಲೇ ಹಳೇ ಕಟ್ಟಡಗಳನ್ನು ಕಣ್ತುಂಬಿಕೊಂಡೆ.

ಹಿಂದಿನ ರಾತ್ರಿ ಕೋಣೆಯಲ್ಲಿ ಕೂತು ಈ ಕಂಪನಿಯದೇ ‘ದ ಚೈನೀಸ್ ಬಾಕ್ಸರ್’ ಮತ್ತೊಮ್ಮೆ ನೋಡಿದ್ದೆ. 1970ರ ಸಿನಿಮಾ, ನಿರ್ದೇಶನ, ನಾಯಕ ಎರಡೂ ಜಿಮ್ಮಿ ವಾಂಗ್ ಯು. ಬರಿಗೈ ಕಾಳಗ ಹಾಂಗ್‌ಕಾಂಗ್‌ಗೆ ಹೊಸದಾಗಿರಲಿಲ್ಲ. ನಟ ಕ್ವಾನ್ ತಕ್-ಹಿಂಗ್ ಅವರು ಕುಂಗ್‌ಫು ಗುರು ವಾಂಗ್ ಫೇ-ಹಂಗ್ ಆಗಿ ನಟಿಸಿದ ಚಿತ್ರಗಳು 1949ರಿಂದಲೇ ಓಡುತ್ತಿದ್ದವು. ಆದರೆ 1960ರ ದಶಕದ ಕೊನೆಗೆ ಎಲ್ಲೆಲ್ಲೂ ಕತ್ತಿವರಸೆಯದೇ ಅಬ್ಬರ. ಆ ಕತ್ತಿಯನ್ನು ಕೆಳಗಿಟ್ಟು ಬರೀ ಮುಷ್ಟಿಯಿಂದ ಇಡೀ ಸಿನಿಮಾ ನಡೆಸಬಹುದು ಎಂದು ತೋರಿಸಿದ್ದು ಇದು.

ವಾಂಗ್ ಯು ಈಜುಪಟು, ಕುಂಗ್‌ಫು ಗುರುವಲ್ಲ. ಅವರ ಕೈಗಳು ಕಣದಲ್ಲಿ ತೆನೆ ಬಡಿಯುವವರ ಕೈಗಳಂತೆ ಬೀಸುತ್ತವೆ. ಜೂಜುಕಟ್ಟೆಯ ದೃಶ್ಯವನ್ನೇ ನೋಡಿ. ಮುಖಕ್ಕೆ ಬಟ್ಟೆ ಕಟ್ಟಿದ ನಾಯಕನ ಮೇಲೆ ಗುಂಪು ಗುಂಪಾಗಿ ಮುಗಿಬೀಳುತ್ತಾರೆ. ಅಲ್ಲಿ ಪಟ್ಟುಗಳ ಅಚ್ಚುಕಟ್ಟುತನವಿಲ್ಲ. ನೂಕುನುಗ್ಗಲು, ಗುದ್ದು, ಮತ್ತೆ ಗುದ್ದು. ಮುಂದೆ ಇಂಥವೇ ಸಿನಿಮಾಗಳು ಹಾಂಗ್‌ಕಾಂಗ್‌ನಲ್ಲೂ ತೈವಾನ್‌ನಲ್ಲೂ ಸಾಲುಸಾಲಾಗಿ ಬಂದವು. ಇವುಗಳ ಹೊಡೆದಾಟ ಒರಟು, ಕಲೆಯಿಲ್ಲದ್ದು ಎಂದು ಮೂಗು ಮುರಿಯುವವರು ಬಹಳ. ನಾನು ಒಪ್ಪುವುದಿಲ್ಲ. ಅಲ್ಲಿ ಹೊಡೆಯುವವನಿಗೂ ಸುಸ್ತಾಗುತ್ತದೆ. ತಪ್ಪಿದ ಏಟಿಗೆ ಮೈ ವಾಲುತ್ತದೆ. ಪ್ರಾಣಭಯದಲ್ಲಿ ಮನುಷ್ಯ ಹೊಡೆದಾಡುವುದು ಹೀಗೆಯೇ.

1972ರ ‘ಬಾಕ್ಸರ್ ಫ್ರಮ್ ಶಾಂಟಂಗ್’ನಲ್ಲಿ ನಾಯಕ ಚೆನ್ ಕುವಾನ್-ತೈ. ಅವರು ನಿಜಕ್ಕೂ ಸಮರಕಲೆ ಕಲಿತವರು. ಆದರೂ ಕೊನೆಯ ಟೀ ಅಂಗಡಿಯ ಕಾಳಗದಲ್ಲಿ, ಹೊಟ್ಟೆಗೆ ಕೊಡಲಿ ನಾಟಿದ ಮೇಲೆ, ಕಲಿತ ವರಸೆಯೆಲ್ಲ ಕರಗಿ ಬರೀ ಹಟ ಉಳಿಯುತ್ತದೆ. ಆ ದೃಶ್ಯವನ್ನು ಎಷ್ಟು ಸಲ ನೋಡಿದರೂ ನನ್ನ ಮುಷ್ಟಿ ತಾನಾಗಿ ಬಿಗಿಯುತ್ತದೆ.

ಸಂಜೆ ಚಿಮ್ ಶಾ ಚುಯಿ ದಂಡೆಯಲ್ಲಿ 2005ರಲ್ಲಿ ನಿಲ್ಲಿಸಿದ ಬ್ರೂಸ್ ಲೀ ಪ್ರತಿಮೆಯ ಮುಂದೆ ಫೋಟೊಗೆ ನೂಕಾಟ. ಲೀ ಬಂದು ಒಂದೇ ಒದೆತದಲ್ಲಿ ಕಾಳಗ ಮುಗಿಸುವುದನ್ನು ಕಲಿಸಿದರು. 1975ರಿಂದ ನಿರ್ದೇಶನಕ್ಕಿಳಿದ ಲಾವ್ ಕಾರ್-ಲಿಯಂಗ್ ಒಂದೊಂದು ವರಸೆಗೂ ಶಾಸ್ತ್ರದ ಶಿಸ್ತು ತಂದರು. ಇಬ್ಬರಿಗೂ ಸಿಕ್ಕ ಗೌರವ ಸರಿಯಾದದ್ದೇ. ಆದರೆ ಆ ಹಾದಿಯ ಮುಳ್ಳು ಸವರಿದ ವಾಂಗ್ ಯು 2022ರಲ್ಲಿ ತೈಪೆಯಲ್ಲಿ ತೀರಿಕೊಂಡಾಗ ನಮ್ಮಲ್ಲಿ ಎಷ್ಟು ಜನ ಅವರನ್ನು ನೆನೆದರು?

ಹಾಂಗ್‌ಕಾಂಗ್‌ಗೆ ಹೋಗುವವರು 91ನೇ ನಂಬರ್ ಬಸ್ ಹತ್ತಿ. ಅದಕ್ಕೂ ಮೊದಲು ಈ ಎರಡು ಸಿನಿಮಾ ನೋಡಿಕೊಂಡು ಹೋಗಿ.