ಬೊಲೆರೋ ಬರೆಯುವಾಗಲೇ ರಾವೆಲ್‌ಗೆ ಕಾಯಿಲೆ ಇತ್ತಾ?

ನನಗೆ ಪಾಶ್ಚಾತ್ಯ ಸಂಗೀತದ ಹುಚ್ಚಿದೆ ಅಂತ ಗೊತ್ತಾದವರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ: "ಬೊಲೆರೋದಲ್ಲಿ ಬಂದದ್ದೇ ಬರುತ್ತಲ್ಲ, ರಾವೆಲ್‌ಗೆ ಆಗಲೇ ಮಿದುಳು ಕೆಟ್ಟಿತ್ತಂತೆ, ಹೌದಾ?"

ಬೊಲೆರೋ ಅಂದರೆ ಫ್ರೆಂಚ್ ಸಂಗೀತ ರಚನೆಕಾರ ಮಾರಿಸ್ ರಾವೆಲ್ ಆರ್ಕೆಸ್ಟ್ರಾಗೆ ಬರೆದ ಕೃತಿ. ಅದನ್ನು ಬರೆಯುವಾಗಲೇ ಕಾಯಿಲೆ ಇತ್ತು ಅಂತ ನನಗಂತೂ ಅನ್ನಿಸುವುದಿಲ್ಲ.

ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಕೆನಡಾದ ಆನ್ ಆಡಮ್ಸ್ ವಿಜ್ಞಾನ ಬಿಟ್ಟು ಕುಂಚ ಹಿಡಿದವರು. 1994ರಲ್ಲಿ ಇಡೀ ಬೊಲೆರೋವನ್ನೇ ಚಿತ್ರವಾಗಿ ಬಿಡಿಸಿದರು. ಸದ್ದು ಏರಿದಂತೆ ಚಿತ್ರದ ಕಂಬಗಳೂ ಎತ್ತರವಾಗುತ್ತವೆ. ಕೆಲವು ವರ್ಷಗಳ ನಂತರ ಅವರ ಮಾತು ಮೆಲ್ಲಗೆ ಕಳಚತೊಡಗಿತು. ರಾವೆಲ್‌ಗೂ ಇಂಥದೇ ಕಾಯಿಲೆ ಇದ್ದಿರಬಹುದು ಅಂತ 2008ರಲ್ಲಿ ನರರೋಗ ತಜ್ಞರು ಬರೆದರು. ಕಥೆ ಚೆನ್ನಾಗಿದೆ, ಅದಕ್ಕೇ ಹರಡಿತು.

ಆದರೆ ಬೊಲೆರೋ 1928ರದ್ದು, ನರ್ತಕಿ ಇಡಾ ರುಬಿನ್‌ಸ್ಟೈನ್ ಅವರ ಬ್ಯಾಲೆಗಾಗಿ ಬರೆದದ್ದು. ಸ್ನೇರ್ ಡ್ರಮ್ ಅನ್ನುವ ಚಿಕ್ಕ ಡೋಲು ಒಂದೇ ತಾಳವನ್ನು 169 ಸಲ ಹೊಡೆಯುತ್ತೆ, ನಿಜ. ಆದರೆ ಪ್ರತಿ ಸುತ್ತಿನಲ್ಲೂ ವಾದ್ಯ ಬದಲಾಗುತ್ತೆ, ಕಾವು ಏರುತ್ತೆ. ಅದು ಲೆಕ್ಕ ಹಾಕಿ ಆಡಿದ ಆಟ. ಅದಾದ ಮೇಲೆ 1931ರಲ್ಲಿ ಮುಗಿಸಿದ ಜಿ ಮೇಜರ್ ಪಿಯಾನೋ ಕಾನ್ಚೆರ್ಟೋ (ಪಿಯಾನೋ ಮತ್ತು ಆರ್ಕೆಸ್ಟ್ರಾ ಕೂಡಿ ನುಡಿಸುವ ಕೃತಿ) ಕೇಳಿ. ಬಂದದ್ದೇ ಬರುವ ಚಟ ಅದರಲ್ಲಿ ಎಲ್ಲಿದೆ?

ಕಾಯಿಲೆಯನ್ನು ಸ್ವರಪತ್ರದಲ್ಲಿ ಹುಡುಕುವ ಬದಲು ಕೈಯಲ್ಲಿ ಹುಡುಕಬೇಕು. 1932ರಲ್ಲಿ ಟ್ಯಾಕ್ಸಿ ಅಪಘಾತ. ಮರುವರ್ಷ, ಒಳ್ಳೆ ಈಜುಗಾರನಾಗಿದ್ದವನಿಗೆ ನೀರಿನಲ್ಲಿ ಕೈಕಾಲು ಹೇಗೆ ಆಡಿಸಬೇಕೆಂದೇ ತೋಚಲಿಲ್ಲ. ಆಮೇಲೆ ಗೆಳೆಯ ಮಾರಿಸ್ ಡೆಲಾಜ್‌ಗೆ ಒಂದು ಪುಟ್ಟ ಕಾಗದ ಬರೆಯಲು ಎಂಟು ದಿನ ಹಿಡಿಯಿತು, ಅದೂ ನಿಘಂಟು ತೆರೆದಿಟ್ಟುಕೊಂಡು!

ಹೆಸರು ಏನಿಡೋಣ? ಮಾತು ಮೆಲ್ಲಮೆಲ್ಲಗೆ ಕಳಚುವ ಪ್ರೋಗ್ರೆಸಿವ್ ಅಫೇಸಿಯಾ ಅನ್ನುವವರಿದ್ದಾರೆ, ಮಿದುಳು ಸವೆದು ಕೈಕಾಲಿನ ಹಿಡಿತ ತಪ್ಪಿಸುವ ಕಾರ್ಟಿಕೋಬೇಸಲ್ ಡಿಜನರೇಶನ್ ಅನ್ನುವವರೂ ಇದ್ದಾರೆ. 1937ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಶಸ್ತ್ರವೈದ್ಯ ಕ್ಲೋವಿಸ್ ವೆನ್ಸಾಂ ರಾವೆಲ್‌ರ ತಲೆಬುರುಡೆ ತೆರೆದು ನೋಡಿದರು. ಗೆಡ್ಡೆ ಸಿಗಲಿಲ್ಲ. 28ರಂದು ರಾವೆಲ್ ತೀರಿಕೊಂಡರು. ಮರಣೋತ್ತರ ಪರೀಕ್ಷೆ ಆಗಲಿಲ್ಲ. ಹಾಗಾಗಿ ಯಾವ ಹೆಸರಿಟ್ಟರೂ ಅದು ಊಹೆಯೇ. ಖಚಿತವಾಗಿ ಹೇಳುವವರನ್ನು ನಾನು ಜಾಸ್ತಿ ನಂಬುವುದಿಲ್ಲ.

ನನ್ನನ್ನು ಕಾಡುವುದು ಬೇರೆಯದೇ. ರಾವೆಲ್‌ರನ್ನು ನೋಡುತ್ತಿದ್ದ ನರರೋಗ ತಜ್ಞ ಅಲಾಜುವಾನಿನ್ 1948ರಲ್ಲಿ ಬರೆದಿಟ್ಟಿದ್ದಾರೆ: ಸ್ವರಪತ್ರ ಓದಲು ಒದ್ದಾಡುತ್ತಿದ್ದ, ಕೇಳಿದ ಸ್ವರದ ಹೆಸರು ಹೇಳಲು ತಡವರಿಸುತ್ತಿದ್ದ ಈ ಮನುಷ್ಯ, ಬೇರೆಯವರು ತನ್ನ ಕೃತಿ ನುಡಿಸುವಾಗ ಸಣ್ಣ ತಪ್ಪಾದರೂ ಹಿಡಿಯುತ್ತಿದ್ದರು. ಥಂಡಿಗೆ ಪಿಯಾನೋ ಶ್ರುತಿ ತಪ್ಪಿದ್ದೂ ಅವರಿಗೆ ತಿಳಿಯುತ್ತಿತ್ತು.