‘ತಿಳಿಸುತ್ತೇವೆ’ ಎಂದ ಮೇಲೆ ಒಳಗೆ ನಡೆಯುವುದು

ನೇಮಕಾತಿ ವಿಭಾಗದಲ್ಲಿರುವ ನಮ್ಮಂಥವರ ಇಮೇಲ್ ಪೆಟ್ಟಿಗೆಯಲ್ಲಿ ವಾರದ ಮೊದಲ ದಿನ ಒಂದೇ ಬಗೆಯ ಪತ್ರಗಳು ಸಾಲುಗಟ್ಟಿರುತ್ತವೆ. ‘ಸರ್, ನನ್ನ ಇಂಟರ್‌ವ್ಯೂ ಏನಾಯಿತು?’ ಅಷ್ಟೇ. ಯಾವ ಹುದ್ದೆ, ಯಾವ ದಿನ ಬಂದಿದ್ದರು, ಯಾರು ಮಾತನಾಡಿಸಿದರು ಎಂಬುದೊಂದೂ ಇರುವುದಿಲ್ಲ. ಕೆಲವರ ಹೆಸರನ್ನು ಇಮೇಲ್ ವಿಳಾಸ ನೋಡಿಯೇ ಊಹಿಸಬೇಕು. ಆ ವಿಳಾಸವೂ ಹದಿಹರೆಯದ ಹುಮ್ಮಸ್ಸಿನಲ್ಲಿ ಮಾಡಿಕೊಂಡದ್ದಾದರೆ ದೇವರೇ ಗತಿ. ಇಂಥ ಪತ್ರಕ್ಕೆ ಉತ್ತರ ಬರೆಯಲು ಮೊದಲು ಅಭ್ಯರ್ಥಿ ಯಾರೆಂದು ಹುಡುಕಬೇಕು. ಕೆಲಸ ಹೆಚ್ಚಿದ ದಿನ ಆ ಹುಡುಕಾಟ ನಾಳೆಗೆ ಹೋಗುತ್ತದೆ, ನಾಳೆ ನಾಡಿದ್ದಿಗೆ.

ಹೊರಗೆ ಕಾಯುತ್ತಿರುವವರು ತಮ್ಮ ಬಗ್ಗೆ ಒಳಗೆ ಗಂಭೀರ ಚರ್ಚೆ ನಡೆದಿದೆ ಎಂದುಕೊಂಡಿರುತ್ತಾರೆ. ಬಹುಪಾಲು ಸಲ ಏನೂ ನಡೆದಿರುವುದಿಲ್ಲ. ಸಂದರ್ಶನ ಮಾಡಿದ ಮೂವರಲ್ಲಿ ಇಬ್ಬರು ಅಂದೇ ಅಭಿಪ್ರಾಯ ಬರೆದಿರುತ್ತಾರೆ. ಮೂರನೆಯವರ ಕಾಲಂ ಖಾಲಿ. ಅವರು ಪ್ರವಾಸದಲ್ಲಿರುತ್ತಾರೆ, ಇಲ್ಲವೇ ಯಾವುದೋ ಗಡುವಿನ ಹಿಂದೆ ಬಿದ್ದಿರುತ್ತಾರೆ. ಆ ಕಾಲಂ ತುಂಬುವವರೆಗೆ ಆಯ್ಕೆಯ ಸಭೆ ಕರೆಯುವಂತಿಲ್ಲ. ಸಭೆ ನಡೆದು ಹೆಸರು ಗೊತ್ತಾದ ಮೇಲೂ ಸಂಬಳದ ಮೊತ್ತಕ್ಕೆ ಹಣಕಾಸು ವಿಭಾಗದ ಒಪ್ಪಿಗೆ ಬೇಕು, ಮೇಲಿನವರ ಸಹಿ ಬೇಕು. ಕೆಲವೊಮ್ಮೆ ಅಷ್ಟರಲ್ಲಿ ಹುದ್ದೆಯನ್ನೇ ಮುಂದಿನ ತ್ರೈಮಾಸಿಕಕ್ಕೆ ತಳ್ಳಿಬಿಡುತ್ತಾರೆ.

ಮೌನ ಅತಿ ದೀರ್ಘವಾಗುವುದು ಎರಡನೆಯ ಸ್ಥಾನದಲ್ಲಿರುವವರ ಪಾಲಿಗೆ. ಮೊದಲನೆಯವರಿಗೆ ಆಫರ್ ಹೋಗಿದೆ, ಅವರು ಇನ್ನೂ ಒಪ್ಪಿಲ್ಲ. ಎರಡನೆಯವರಿಗೆ ‘ಇಲ್ಲ’ ಎಂದರೆ ಅವರು ಕೈತಪ್ಪಿ ಹೋಗುತ್ತಾರೆ, ‘ಹೌದು’ ಎನ್ನಲು ಹುದ್ದೆಯಿಲ್ಲ. ಹೀಗಾಗಿ ನಮ್ಮವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಇದು ಒಳ್ಳೆಯ ನಡವಳಿಕೆ ಎಂದು ನಾನು ಹೇಳುವುದಿಲ್ಲ. ‘ಇನ್ನೂ ತೀರ್ಮಾನವಾಗಿಲ್ಲ, ಒಂದು ವಾರ ಬೇಕು’ ಎಂದು ಬರೆಯಲು ಯಾರ ಅನುಮತಿಯೂ ಬೇಕಿಲ್ಲ. ಆದರೆ ನಡೆಯುವುದು ಹೀಗೆ. ಮೊದಲನೆಯವರು ಆ ಆಫರ್ ಪತ್ರವನ್ನು ತಮ್ಮ ಈಗಿನ ಕಚೇರಿಯಲ್ಲೇ ತೋರಿಸಿ ಸಂಬಳ ಏರಿಸಿಕೊಂಡು ಉಳಿದುಬಿಡುವುದು ಅಪರೂಪವಲ್ಲ. ಆಗ ಎರಡನೆಯ ಹೆಸರಿನ ಕಡತ ತೆರೆಯುತ್ತದೆ.

‘ಏನಾಯಿತು’ ಎಂದು ವಿಚಾರಿಸುವ ಪತ್ರಕ್ಕೆ ಬೆಲೆ ಬರುವುದು ಮುಖ್ಯವಾಗಿ ಇಂಥ ಸಂದರ್ಭಗಳಲ್ಲಿ. ಬೇಡವೆಂದು ತೀರ್ಮಾನವಾದದ್ದನ್ನು ಪತ್ರವೊಂದು ತಿರುಗಿಸಿದ್ದನ್ನು ನಾನು ಕಂಡಿಲ್ಲ. ತೂಗುಯ್ಯಾಲೆಯಲ್ಲಿರುವ ಹೆಸರನ್ನು ಅದು ನೆನಪಿಗೆ ತರುತ್ತದೆ, ಖಾಲಿ ಕಾಲಂ ಬಿಟ್ಟ ಆ ಮೂರನೆಯವರನ್ನು ತಿವಿಯಲು ನಮಗೊಂದು ನೆಪ ಕೊಡುತ್ತದೆ.

ಅದಕ್ಕೆ ತಳಪಾಯ ಬೀಳುವುದು ಸಂದರ್ಶನದ ಕೋಣೆಯಲ್ಲೇ. ಕೊನೆಯಲ್ಲಿ ‘ನೀವು ಏನಾದರೂ ಕೇಳುವುದಿದೆಯೇ?’ ಎನ್ನುತ್ತಾರಲ್ಲ, ಆಗ ಎರಡು ವಿಷಯ ಕೇಳಿ: ನಿರ್ಧಾರ ಯಾವಾಗ ತಿಳಿಯಬಹುದು, ಅದುವರೆಗೆ ಯಾರನ್ನು ಸಂಪರ್ಕಿಸಬೇಕು. ಅವರು ಹೇಳಿದ ದಿನ ಕಳೆದು ಎರಡು ಮೂರು ಕೆಲಸದ ದಿನ ಆಗುವವರೆಗೆ ಸುಮ್ಮನಿರಿ. ದಿನವನ್ನೇ ಹೇಳದಿದ್ದರೆ ಒಂದು ವಾರ ಬಿಟ್ಟು ಬರೆಯಬಹುದು.

ಮರುದಿನ ಧನ್ಯವಾದದ ಪತ್ರ ಕಳುಹಿಸಬೇಕೇ ಎಂದು ಬಹಳ ಜನ ಕೇಳುತ್ತಾರೆ. ಕಳುಹಿಸಿ, ಆದರೆ ಬರಿಯ ಧನ್ಯವಾದದಿಂದ ಯಾರೂ ಆಯ್ಕೆಯಾಗುವುದಿಲ್ಲ. ಅದರೊಳಗೆ ಕೆಲಸಕ್ಕೆ ಬರುವ ಒಂದು ಮಾತಿದ್ದರೆ ವಿಷಯ ಬೇರೆ. ದಾಸ್ತಾನು ವಿಭಾಗದ ಹುದ್ದೆಯೊಂದರ ಸಂದರ್ಶನದಲ್ಲಿ ಅಭ್ಯರ್ಥಿಯೊಬ್ಬರಿಗೆ, ಗೋದಾಮಿನಲ್ಲಿ ಎಣಿಸಿದ ಲೆಕ್ಕ ಪುಸ್ತಕದ ಲೆಕ್ಕಕ್ಕೆ ತಾಳೆಯಾಗದಿದ್ದರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದ್ದರು. ‘ಮತ್ತೊಮ್ಮೆ ಎಣಿಸುತ್ತೇನೆ’ ಎಂದಿದ್ದರು ಆಕೆ. ಮರುದಿನ ನಾಲ್ಕು ಸಾಲಿನ ಪತ್ರ ಬಂತು: ಮತ್ತೆ ಎಣಿಸುವ ಮೊದಲು ಎಣಿಕೆಯ ದಿನದ ಹಿಂದುಮುಂದಿನ ಚೀಟಿಗಳನ್ನು ನೋಡಬೇಕಿತ್ತು, ಸರಕು ಹೊರಗೆ ಹೋಗಿಯೂ ಬಿಲ್ ಆಗದಿರುವುದು, ಒಳಗೆ ಬಂದಿದ್ದರೂ ದಾಖಲಾಗದಿರುವುದು ಇವೆಯೇ ಎಂದು. ಸಂದರ್ಶಕರು ಆ ಪತ್ರವನ್ನು ನನಗೆ ರವಾನಿಸಿ, ‘ಇವರ ಹೆಸರು ಪಟ್ಟಿಯಲ್ಲಿರಲಿ’ ಎಂದು ಒಂದು ಸಾಲು ಸೇರಿಸಿದ್ದರು. ನಾಲ್ಕು ಪುಟದ ಆತ್ಮಪ್ರಶಂಸೆ ಬಂದಿದ್ದರೆ ಅವರು ಓದುತ್ತಲೂ ಇರಲಿಲ್ಲ.

ಇನ್ನು ವಿಚಾರಿಸುವ ಪತ್ರ. ನಾನು ಅಭ್ಯರ್ಥಿಯಾಗಿದ್ದರೆ ಹೀಗೆ ಬರೆಯುತ್ತೇನೆ:

‘ನಮಸ್ಕಾರ. ಕಳೆದ ವಾರ ಮಂಗಳವಾರ ದಾಸ್ತಾನು ಮೇಲ್ವಿಚಾರಕರ ಹುದ್ದೆಯ ಸಂದರ್ಶನಕ್ಕೆ ಬಂದಿದ್ದೆ. ಸೋಮವಾರದೊಳಗೆ ನಿರ್ಧಾರ ತಿಳಿಯಬಹುದು ಎಂದಿದ್ದಿರಿ. ಆಯ್ಕೆ ಈಗ ಯಾವ ಹಂತದಲ್ಲಿದೆ ಎಂದು ತಿಳಿಸುವಿರಾ? ಈ ಕೆಲಸದಲ್ಲಿ ನನಗೆ ಆಸಕ್ತಿ ಇದೆ. ದಾಖಲೆ ಏನಾದರೂ ಬೇಕಿದ್ದರೆ ಕಳುಹಿಸುತ್ತೇನೆ.’

ಕೆಳಗೆ ಪೂರ್ಣ ಹೆಸರು, ಫೋನ್ ಸಂಖ್ಯೆ. ಇದನ್ನು ಹೊಸ ಪತ್ರವಾಗಿ ಕಳುಹಿಸದೆ, ಸಂದರ್ಶನಕ್ಕೆ ಕರೆದಿದ್ದ ಇಮೇಲ್‌ಗೇ ಉತ್ತರವಾಗಿ ಕಳುಹಿಸಿ. ಹಿಂದಿನದೆಲ್ಲ ಅಲ್ಲೇ ಇರುತ್ತದೆ, ಓದುವವರು ಹುಡುಕಬೇಕಾಗುವುದಿಲ್ಲ. ಕಚೇರಿಯ ವೇಳೆಯಲ್ಲಿ ಒಂದು ಫೋನ್ ಕರೆಗೂ ನನ್ನ ಆಕ್ಷೇಪವಿಲ್ಲ. ರಾತ್ರಿ ವಾಟ್ಸಾಪ್‌ನಲ್ಲಿ ‘ಹಲೋ’ ಎಂದು ಹಾಕಿ, ನೀಲಿ ಗೆರೆ ಮೂಡಿದರೂ ಉತ್ತರ ಬರಲಿಲ್ಲವೆಂದು ನೊಂದುಕೊಳ್ಳುವುದು ಬೇಡ. ಪರಿಚಯದವರಿಂದ ಹೇಳಿಸುವುದಂತೂ ಬೇಡವೇ ಬೇಡ. ಸಂದರ್ಶಕರಿಗೆ ಅದರಷ್ಟು ಮುಜುಗರ ತರುವುದು ಇನ್ನೊಂದಿಲ್ಲ.

ಪ್ರಕ್ರಿಯೆಗೆ ನಿಜವಾಗಿಯೂ ವೇಗ ತರುವ ಸುದ್ದಿ ಒಂದೇ: ಬೇರೆ ಕಡೆಯಿಂದ ಬಂದ ಆಫರ್. ‘ಇನ್ನೊಂದು ಸಂಸ್ಥೆಯಿಂದ ಆಫರ್ ಬಂದಿದೆ, ಗುರುವಾರದೊಳಗೆ ಉತ್ತರ ಕೊಡಬೇಕು. ನನಗೆ ನಿಮ್ಮಲ್ಲಿ ಸೇರುವ ಇಚ್ಛೆ ಹೆಚ್ಚು’ ಎಂದು ದಿನಾಂಕ ಸಹಿತ ಬರೆದರೆ ಆ ಪತ್ರ ಹಿಡಿದು ನಾವು ಮೇಲಿನವರ ಬಳಿ ಹೋಗಬಹುದು. ಸುಳ್ಳು ಹೇಳಿದರೆ ಮಾತ್ರ ಪೇಚು. ‘ಹಾಗಾದರೆ ಅದನ್ನೇ ಒಪ್ಪಿಕೊಳ್ಳಿ, ಶುಭವಾಗಲಿ’ ಎಂಬ ಉತ್ತರ ಬಂದರೆ ಆಮೇಲೆ ಏನು ಮಾಡುತ್ತೀರಿ?

ಮೊದಲ ಪತ್ರಕ್ಕೆ ಉತ್ತರವಿಲ್ಲದಿದ್ದರೆ ಒಂದು ವಾರ ಬಿಟ್ಟು ಇನ್ನೊಂದು. ಅದಕ್ಕೂ ಇಲ್ಲವೆಂದರೆ ಕೈಬಿಡಿ. ತಿರಸ್ಕಾರದ ಪತ್ರ ಬಂದಿಲ್ಲ, ಹಾಗಾಗಿ ಇನ್ನೂ ಆಸೆಯಿದೆ ಎಂದು ಲೆಕ್ಕ ಹಾಕಬೇಡಿ. ಅನೇಕ ಕಡೆ ಹುದ್ದೆ ಭರ್ತಿಯಾಗಿ ಕಡತ ಮುಚ್ಚಿದ ದಿನವೇ ಸಾಫ್ಟ್‌ವೇರ್ ಉಳಿದವರಿಗೆಲ್ಲ ಒಟ್ಟಿಗೆ ಆ ಪತ್ರ ಕಳುಹಿಸುವುದು. ಕೆಲವು ಕಡೆ ಯಾರೂ ಕಡತ ಮುಚ್ಚುವುದೇ ಇಲ್ಲ. ಕಾಯುವ ದಿನಗಳಲ್ಲಿ ಬೇರೆ ಅರ್ಜಿಗಳು ನಿಲ್ಲಬಾರದು. ‘ನೀವು ಆಯ್ಕೆಯಾಗಿದ್ದೀರಿ’ ಎಂದು ಫೋನಿನಲ್ಲಿ ಹೇಳಿದ್ದನ್ನು ನಂಬಿ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡುವುದಂತೂ ಕೂಡದು. ಸಂಬಳ, ಹುದ್ದೆ, ಸೇರುವ ದಿನ ಬರೆದ ಪತ್ರ ಕೈಗೆ ಬಂದ ಮೇಲೆ ಆ ಮಾತು.

ತಿರಸ್ಕಾರ ಬಂದರೆ ಕಾರಣ ಕೇಳಬಹುದೇ? ಕೇಳಬಹುದು. ಆದರೆ ಮುಂದೆ ತಕರಾರಾದೀತೆಂದು ಕಾರಣವನ್ನು ಬರಹದಲ್ಲಿ ಕೊಡದಿರುವ ಕಚೇರಿಗಳೇ ಹೆಚ್ಚು. ‘ಇಂಥ ಹುದ್ದೆಗೆ ನಾನು ಯಾವ ವಿಷಯದಲ್ಲಿ ಇನ್ನಷ್ಟು ತಯಾರಾಗಬೇಕು?’ ಎಂದು ಕೇಳಿದರೆ ಕೆಲವರಾದರೂ ಫೋನಿನಲ್ಲಿ ಬಾಯಿಬಿಡುತ್ತಾರೆ.

ಹೊಸದಾಗಿ ಸೇರಿದವರು ಪರೀಕ್ಷಾರ್ಥ ಅವಧಿಯಲ್ಲೇ ಬಿಟ್ಟುಹೋಗುವುದೂ ಉಂಟು. ಹಾಗಾದಾಗ ಮತ್ತೆ ಜಾಹೀರಾತು ಕೊಡುವ ಮೊದಲು ನಾವು ತೆರೆಯುವುದು ಹಳೆಯ ಪಟ್ಟಿಯನ್ನೇ. ಅಲ್ಲಿರುವ ಸಂಖ್ಯೆಗೆ ಕರೆ ಮಾಡಿದರೆ ಎಷ್ಟೋ ಸಲ ‘ಈ ಸಂಖ್ಯೆ ಅಸ್ತಿತ್ವದಲ್ಲಿಲ್ಲ’ ಎಂದು ಕೇಳಿಸುತ್ತದೆ. ಸಂಖ್ಯೆ ಬದಲಾಯಿಸಿದ್ದರೆ ಅದೇ ಹಳೆಯ ಇಮೇಲ್‌ಗೆ ಉತ್ತರವಾಗಿ ಹೊಸದನ್ನು ಒಂದು ಸಾಲಿನಲ್ಲಿ ತಿಳಿಸಿಡಿ.