ತಣ್ಣೀರುಬಾವಿಗೆ ಹೋಗುವ ಮುನ್ನ ನದಿಯ ತಿರುವು ನೋಡಿಕೊಳ್ಳಿ

ಮಂಗಳೂರು ರೈಲು ನಿಲ್ದಾಣದ ಹೊರಗೆ ಆಟೋದವನು ತಣ್ಣೀರುಬಾವಿ ಕಡಲ ತೀರಕ್ಕೆ 500 ರೂಪಾಯಿ ಎಂದಾಗ ಗಾಳ, ಚೀಲ ಹೊತ್ತು ಮರುಮಾತಿಲ್ಲದೆ ಹತ್ತಿದೆ. ಉತ್ತರಕ್ಕೆ ಹೋಗಿ, ಕೂಳೂರು ಸೇತುವೆ ದಾಟಿ, ಮತ್ತೆ ದಕ್ಷಿಣಕ್ಕೆ ತಿರುಗಿಸಿ ತಂದು ಇಳಿಸಿದ. ನೋಡಿದರೆ ಎದುರು ದಡದಲ್ಲೇ ಟಿಪ್ಪು ಕಾಲದ ಕಾವಲು ಗೋಪುರ, ಸುಲ್ತಾನ್ ಬತ್ತೇರಿ! ಅಲ್ಲಿಯವರೆಗೆ ನಗರದ ಬಸ್ಸಿದೆ, ಅಲ್ಲಿಂದಾಚೆಗೆ ದೋಣಿ. ಮರಳುವಾಗ ಹಾಗೆಯೇ ಬಂದೆ. ನದಿ ದಾಟಲು ಐದಾರು ನಿಮಿಷ ಸಾಕಾಯಿತು.

ತಪ್ಪು ಅರ್ಧ ನನ್ನದೇ. ಘಟ್ಟದಿಂದಿಳಿದ ನದಿ ನೇರ ಕಡಲಿಗೆ ಬೀಳುತ್ತದೆ ಎಂದುಕೊಂಡಿದ್ದೆ. ಫಲ್ಗುಣಿ (ಸ್ಥಳೀಯರಿಗೆ ಗುರುಪುರ ಹೊಳೆ) ಹಾಗಲ್ಲ. ಕಡಲ ಹತ್ತಿರಕ್ಕೆ ಬಂದು ದಕ್ಷಿಣಕ್ಕೆ ಹೊರಳಿ, ತಣ್ಣೀರುಬಾವಿ, ಬೆಂಗ್ರೆಗಳ ಮರಳ ಪಟ್ಟಿಯ ಒಳಮಗ್ಗುಲಲ್ಲೇ ಸಾಗಿ, ಹಳೆ ಬಂದರು ದಾಟಿ, ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಯಲ್ಲಿ ಹೊರಬೀಳುತ್ತದೆ. ಹೀಗಾಗಿ ಆ ಪಟ್ಟಿಯ ಮೇಲೆ ನಿಂತರೆ ಒಂದು ಕಿವಿಗೆ ಅಲೆಯ ಸದ್ದು, ಇನ್ನೊಂದಕ್ಕೆ ದೋಣಿಯ ಎಂಜಿನ್ ಸದ್ದು. ಹಡಗುಗಳು ಹೊಳೆಗೆ ನುಗ್ಗದಂತೆ 1784ರಲ್ಲಿ ಟಿಪ್ಪು ಬತ್ತೇರಿಯನ್ನು ಎದುರು ದಡದಲ್ಲೇ ಏಕೆ ಕಟ್ಟಿಸಿದ ಎಂಬುದು ದೋಣಿಯಲ್ಲಿ ಕುಳಿತಾಗ ತಾನೇ ತಿಳಿಯುತ್ತದೆ.

ಗಾಳ ಹಾಕುವವರಿಗೆ ಒಂದು ಮಾತು. ನಾನು ಹೇಮಾವತಿಯ ದಡದವನು. ಹೊಳೆ ಒಂದೇ ಕಡೆ ಹರಿಯುವುದನ್ನು ನೋಡಿ ಬೆಳೆದವನು. ಇಲ್ಲಿ ಬೆಳಗ್ಗೆ ಕಡಲ ಕಡೆ ಓಡುತ್ತಿದ್ದ ನೀರು ಮಧ್ಯಾಹ್ನ ಹಿಂದಕ್ಕೆ ಏರಿಬಂತು. ಇಳಿತದ ಸೆಳೆತಕ್ಕೆ ನನ್ನ ಸೀಸದ ಗುಂಡು ನಿಲ್ಲಲೇ ಇಲ್ಲ. ಬೀಸುಬಲೆ ಹಿಡಿದಿದ್ದ ಹುಡುಗನೊಬ್ಬ ‘ನೀರು ನಿಲ್ಲಲಿ ಅಣ್ಣಾ’ ಎಂದು ನಕ್ಕ. ಉಬ್ಬರ ಇಳಿತಗಳ ನಡುವೆ ನೀರು ತಂಗುವ ಆ ಸ್ವಲ್ಪ ಹೊತ್ತಿನಲ್ಲೇ ನನಗೆ ಎರಡು ಸಣ್ಣ ಕಾಣೆ ಮೀನು ಸಿಕ್ಕವು. ಉಬ್ಬರದ ವೇಳೆ ಕೇಳಿಕೊಂಡೇ ಹೋಗಿ.

ಊಟಕ್ಕೆ ಮೀನುದೋಣಿಗಳು ನಿಲ್ಲುವ ದಕ್ಕೆಯ ದಾರಿ ಹಿಡಿಯಿರಿ. ಬೋರ್ಡೂ ಇಲ್ಲದ ಒಂದು ಹೋಟೆಲು, ನಾಲ್ಕೇ ಬೆಂಚು, ಮೀನಿನ ಬುಟ್ಟಿ ಇಳಿಸಿ ಬಂದವರದೇ ನೂಕುನುಗ್ಗಲು. ಕುಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ, ಮಣ್ಣಿನ ಪಾತ್ರೆಯ ತಳದಿಂದ ಎತ್ತಿಹಾಕಿದ ಬೂತಾಯಿ ಮೀನಿನ ಹುಳಿಖಾರದ ಸಾರು, ಪುಳಿಮುಂಚಿ. ಹುಣಸೆ ಹುಳಿಯೂ ಬ್ಯಾಡಗಿ ಖಾರವೂ ಜಗಳವಾಡದೆ ಒಂದಾಗಿದ್ದವು. ‘ನಿನ್ನೆಯದು, ಇವತ್ತೇ ರುಚಿ’ ಎಂದರು ಬಡಿಸುತ್ತಿದ್ದ ಅಕ್ಕ. ಎರಡನೇ ಸಲ ಸಾರು ಕೇಳಿದಾಗ ಕೇಳದೆಯೇ ಮೀನೂ ಬಿತ್ತು. 80 ರೂಪಾಯಿ. ಮೂರು ದಿನವೂ ಅಲ್ಲೇ ಉಂಡೆ. ವಾಸನೆಗೆ ಮೂಗು ಮುಚ್ಚುವವರು ಬೇರೆ ಕಡೆ ನೋಡಿಕೊಳ್ಳಿ.

‘ನದಿ ಕಾಣುವ ಕೋಣೆ’ಗೆ 2,200 ತೆತ್ತೆ. ಬಚ್ಚಲಿನ ಕಿಟಕಿಯಿಂದ, ಬಕೆಟ್ ಬೋರಲು ಹಾಕಿ ನಿಂತರೆ, ಕಾಣುತ್ತದೆ. ಭಾನುವಾರ ಸಂಜೆ ಕಡಲ ತೀರದಲ್ಲಿ ಜಾತ್ರೆ, ನಾನು ಓಡಿಬಂದೆ. ಜೂನ್, ಜುಲೈ ಬೇಡ: ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ, ದೋಣಿಗಳೆಲ್ಲ ದಕ್ಕೆಯಲ್ಲಿ ಕಟ್ಟಿಕೊಂಡಿರುತ್ತವೆ, ಹೊಳೆ ಕೆಂಪಾಗಿ ತುಂಬಿರುತ್ತದೆ.